ಎಲ್‌ಕೆಜಿಗೆ ಮೊದಲಿನ ಒಂದು ವರ್ಷ: ನಮ್ಮ ಬಡಾವಣೆಯ ಅಂಗನವಾಡಿ ಹೇಗಿದೆ?

ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮ ಬಂದ ಮೇಲೆ, ಅದರಲ್ಲೂ 2025–26ನೇ ಸಾಲಿಗೆ ಮಾತ್ರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿ ಮುಂದೆ ಸಡಿಲಿಕೆ ಇಲ್ಲವೆಂದು ಸರ್ಕಾರ ತಿಳಿಸಿದ ಮೇಲೆ, ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಎಲ್ಲರೂ ವಯಸ್ಸಿನ ಲೆಕ್ಕವನ್ನು ಹಿಂದಿನಿಂದ ಹಾಕತೊಡಗಿದ್ದಾರೆ. ಆರಕ್ಕೆ ಒಂದನೇ ತರಗತಿಯಾದರೆ ಐದಕ್ಕೆ ಯುಕೆಜಿ, ನಾಲ್ಕಕ್ಕೆ ಎಲ್‌ಕೆಜಿ. ಮೂರು ತುಂಬಿದ ಮಗುವಿನ ಮುಂದೆ ಇಡೀ ಒಂದು ವರ್ಷ ಖಾಲಿ ಉಳಿಯುತ್ತದೆ. ಈ ವರ್ಷವನ್ನು ಪ್ಲೇ ಹೋಮ್‌ಗಳಿಗೆ ಕೊಡುವವರು ಹೆಚ್ಚು. ಮೈಸೂರಿನ ಹೊರವಲಯದಲ್ಲಿರುವ ನಾವು ನಮ್ಮ ಮಗಳನ್ನು ಮನೆಯಿಂದ ಎರಡು ಬೀದಿ ದಾಟಿದರೆ ಸಿಗುವ ಅಂಗನವಾಡಿ ಕೇಂದ್ರಕ್ಕೆ ಸೇರಿಸಿದೆವು. ಅವಳು ಈಗ ಎಲ್‌ಕೆಜಿಯಲ್ಲಿದ್ದಾಳೆ. ಅಂಗನವಾಡಿಯನ್ನು ಬಡವರ ಮಕ್ಕಳಿಗೆ ಊಟ ಹಾಕುವ ಜಾಗವೆಂದಷ್ಟೇ ತಿಳಿದಿರುವ ಓದುಗರಿಗಾಗಿ, ಆ ಸೇವೆಯನ್ನು ಹತ್ತಿರದಿಂದ ಬಳಸಿದವರ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳುವುದು ಒಳ್ಳೆಯದು. ಎಲ್‌ಕೆಜಿಯ ಮೊದಲ ದಿನ ಮಗುವಿನಿಂದ ಶಾಲೆ ಕೇಳುವ ದೊಡ್ಡ ಸಂಗತಿಯೆಂದರೆ, ಮನೆಯವರು ಯಾರೂ ಇಲ್ಲದ ಜಾಗದಲ್ಲಿ ಇನ್ನೊಬ್ಬ ಹಿರಿಯರನ್ನು ನಂಬಿ ಅರ್ಧ ದಿನ ಕಳೆಯುವುದು. ಹಸಿವಾದರೆ, ಸುಸ್ಸು ಬಂದರೆ, ಪಕ್ಕದ ಮಗು ಹೊಡೆದರೆ ಅದನ್ನು ಆ ಹಿರಿಯರಿಗೆ ಹೇಳಿಕೊಳ್ಳುವ ಧೈರ್ಯ ಅದಕ್ಕಿರಬೇಕು. ಈ ಒಂದು ಸಿದ್ಧತೆಯನ್ನು ನಮ್ಮ ಅಂಗನವಾಡಿ ಬಹಳ ಚೆನ್ನಾಗಿ ಮಾಡಿಕೊಟ್ಟಿತು. ಕಟ್ಟಡ, ಶೌಚಾಲಯ ಮತ್ತು ಆಟದ ಸಾಮಗ್ರಿಯ ವಿಷಯದಲ್ಲಿ ಮಾತ್ರ ಅದು ಹಿಂದಿದೆ, ಮತ್ತು ಆ ಕೊರತೆಗಳು ಸಣ್ಣವೇನಲ್ಲ.

ಸೇರಿಸುವ ಮೊದಲು ನಗರದ ಖಾಸಗಿ ಕೇಂದ್ರವೊಂದು ಬೇಸಿಗೆ ರಜೆಯಲ್ಲಿ ನಡೆಸುವ ನರ್ಸರಿ ಸಿದ್ಧತಾ ಶಿಬಿರವನ್ನೂ ನೋಡಿ ಬಂದಿದ್ದೆವು. ತಿಂಗಳಿಗೆ ಆರು ಸಾವಿರ ರೂಪಾಯಿ ಶುಲ್ಕ, ಬಣ್ಣದ ಗೋಡೆಗಳು, ತಂಪು ಕೋಣೆ. ಅಲ್ಲಿ ಮೂರು ವರ್ಷದ ಮಕ್ಕಳು ಚುಕ್ಕೆಗಳನ್ನು ಸೇರಿಸಿ ಇಂಗ್ಲಿಷ್ ಅಕ್ಷರ ಬರೆಯುತ್ತಿದ್ದರು. ಪೋಷಕರನ್ನು ಮೊದಲ ದಿನವೇ ಬಾಗಿಲಾಚೆ ಕಳುಹಿಸಿ, ಅತ್ತರೂ ಹಿಂತಿರುಗಿ ನೋಡಬೇಡಿ ಎಂದು ಹೇಳುತ್ತಿದ್ದರು. ಆ ವಯಸ್ಸಿನಲ್ಲಿ ಬೆರಳುಗಳ ಸಣ್ಣ ಸ್ನಾಯುಗಳು ಪೆನ್ಸಿಲನ್ನು ಸರಿಯಾಗಿ ಹಿಡಿಯುವಷ್ಟು ಬಲಿತಿರುವುದಿಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಆರು ವರ್ಷದ ಮಕ್ಕಳಿಗೆ ಪಠ್ಯಪುಸ್ತಕ ಬೇಡ, ಆಟವೇ ಕಲಿಕೆಯ ದಾರಿ ಎನ್ನುತ್ತದೆ. ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಬರವಣಿಗೆಗಿಂತ ಆ ಮುಚ್ಚಿದ ಬಾಗಿಲು. ಅಳು ನಿಂತಿತೆಂದರೆ ಮಗು ಒಗ್ಗಿಕೊಂಡಿತು ಎಂದು ಅಲ್ಲಿ ಲೆಕ್ಕ ಹಿಡಿಯುತ್ತಿದ್ದರು. ಕರೆದರೂ ಯಾರೂ ಬರುವುದಿಲ್ಲವೆಂದು ತಿಳಿದ ಮಗುವೂ ಅಳು ನಿಲ್ಲಿಸುತ್ತದೆ.

ಅಂಗನವಾಡಿಯಲ್ಲಿ ನಡೆದದ್ದು ಬೇರೆ. ಮಗಳನ್ನು ಕರೆದುಕೊಂಡು ಹೋದಾಗ ಕಾರ್ಯಕರ್ತೆ ನನ್ನನ್ನೂ ಒಳಗೆ ಕರೆದು ಚಾಪೆಯ ಮೇಲೆ ಕೂರಲು ಹೇಳಿದರು. ಮೊದಲ ವಾರವೆಲ್ಲ ನಮ್ಮಲ್ಲೊಬ್ಬರು ಅಲ್ಲೇ ಇರುತ್ತಿದ್ದೆವು: ಮೊದಲು ಮಗುವಿನ ಪಕ್ಕದಲ್ಲಿ, ಆಮೇಲೆ ಗೋಡೆಗೆ ಒರಗಿ, ಕೊನೆಗೆ ಜಗಲಿಯಲ್ಲಿ. ಇದಕ್ಕಾಗಿ ಅವರಲ್ಲಿ ಲಿಖಿತ ನಿಯಮವೇನೂ ಇರಲಿಲ್ಲ. ಬರುವ ಪ್ರತಿ ಮಗುವಿನ ಅಜ್ಜಿಯೋ ಅಕ್ಕನೋ ಸ್ವಲ್ಪ ಹೊತ್ತು ಕೂತು ಹೋಗುವುದು ಅಲ್ಲಿ ಮೊದಲಿನಿಂದ ಇರುವ ರೂಢಿ. ಎರಡನೇ ವಾರದಲ್ಲಿ ಕಾರ್ಯಕರ್ತೆಯೇ, ಇವತ್ತು ನೀವು ಹಾಲಿನ ಹೊತ್ತಿಗೆ ಹೋಗಿ ಊಟದ ಹೊತ್ತಿಗೆ ಬನ್ನಿ, ಆದರೆ ಹೇಳದೆ ಮಾತ್ರ ಹೋಗಬೇಡಿ ಎಂದರು. ಮಗುವಿನ ಕಣ್ಣು ತಪ್ಪಿಸಿ ಜಾರಿಕೊಂಡರೆ ಆ ಕ್ಷಣದ ಅಳು ತಪ್ಪಬಹುದು. ಆದರೆ ಯಾವಾಗ ಯಾರು ಮಾಯವಾಗುತ್ತಾರೋ ಎಂಬ ಭಯ ಮಗುವಿನಲ್ಲಿ ಉಳಿದು, ಮರುದಿನದಿಂದ ಅದು ಸೆರಗು ಬಿಡುವುದಿಲ್ಲ. ಹೇಳಿ ಹೋಗಬೇಕು, ಹೇಳಿದ ಹೊತ್ತಿಗೇ ಬರಬೇಕು. ಮೂರು ವರ್ಷದ ಮಗುವಿಗೆ ಹನ್ನೆರಡು ಗಂಟೆ ಎಂದರೆ ತಿಳಿಯದು, ಊಟವಾದ ಮೇಲೆ ಎಂದರೆ ತಿಳಿಯುತ್ತದೆ. ಹತ್ತನೇ ತರಗತಿಯವರೆಗಷ್ಟೇ ಓದಿದ ಆ ಮಹಿಳೆಗೆ ಇದನ್ನೆಲ್ಲ ವರ್ಷಗಟ್ಟಲೆ ಮಕ್ಕಳೊಂದಿಗಿನ ಒಡನಾಟ ಕಲಿಸಿದೆ.

ಇಲ್ಲಿ ಹತ್ತಿರವಿರುವುದೇ ಒಂದು ದೊಡ್ಡ ಗುಣ ಎಂಬುದನ್ನು ನಾನು ಒತ್ತಿ ಹೇಳಬೇಕು. ಅಂಗನವಾಡಿ ಎಂಬ ಕಲ್ಪನೆಯ ಬೇರು ಶಿಕ್ಷಣತಜ್ಞೆಯರಾದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು 1945ರಿಂದ ಮಹಾರಾಷ್ಟ್ರದ ಬೋರ್ಡಿಯಲ್ಲಿ ಮಾಡಿದ ಕೆಲಸದಲ್ಲಿದೆ. ಆದಿವಾಸಿ ಮಕ್ಕಳು ಬಾಲವಾಡಿಗೆ, ಅಂದರೆ ಚಿಕ್ಕ ಮಕ್ಕಳ ಶಾಲೆಗೆ, ಬರಲಾಗದಿದ್ದಾಗ ಅವರು ಬಾಲವಾಡಿಯನ್ನೇ ಮಕ್ಕಳ ಮನೆಯಂಗಳಕ್ಕೆ ಒಯ್ದರು. 1975ರ ಅಕ್ಟೋಬರ್ 2ರಂದು, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ನಮ್ಮದೇ ಮೈಸೂರು ಜಿಲ್ಲೆಯ ತಿ. ನರಸೀಪುರ. ಮನೆಯ ಹತ್ತಿರವೇ ಕೇಂದ್ರವಿರಬೇಕೆಂಬ ಆ ಮೂಲ ಆಲೋಚನೆಯ ಫಲ ಇಂದು ನಗರದ ಬಡಾವಣೆಯ ಮಗುವಿಗೂ ಸಿಗುತ್ತಿದೆ. ನಮ್ಮ ಮಗಳು ಅಲ್ಲಿಗೆ ನಡೆದೇ ಹೋಗುತ್ತಿದ್ದಳು. ದಾರಿಯ ಅಂಗಡಿ, ಬೇವಿನಮರ, ಹಸು ಕಟ್ಟಿದ ಮನೆ ಎಲ್ಲವೂ ಅವಳಿಗೆ ಗುರುತಿನವು. ಸಹಾಯಕಿ ಪಕ್ಕದ ಬೀದಿಯವರು, ಸಂಜೆ ತರಕಾರಿ ತರುವಾಗ ಎದುರಾಗಿ ಮಾತಾಡಿಸುವವರು. ಅವಳ ಪಾಲಿಗೆ ಹೊಸದಾಗಿದ್ದದ್ದು ಒಂದೇ ಒಂದು ಕೋಣೆ. ವ್ಯಾನಿನಲ್ಲಿ ಮುಕ್ಕಾಲು ಗಂಟೆ ಕೂತು, ಗುರುತಿಲ್ಲದ ಕಟ್ಟಡಕ್ಕೆ ಹೋಗಿ, ಗುರುತಿಲ್ಲದ ಭಾಷೆ ಕೇಳಬೇಕಾದ ಮಗು ಇಷ್ಟೆಲ್ಲ ಹೊಸತನ್ನು ಒಂದೇ ದಿನ ಹೊರಬೇಕಾಗುತ್ತದೆ.

ದಿನಚರಿ ಸರಳವಾಗಿತ್ತು. ಬೆಳಗ್ಗೆ ಪ್ರಾರ್ಥನೆ, ಹಾಜರಿ, ಮಾತುಕತೆ, ಅಭಿನಯ ಗೀತೆ, ಹಾಲು, ಆಟ, ಕಥೆ, ಊಟ, ನಿದ್ದೆ. ರಾಜ್ಯದ ಅಂಗನವಾಡಿಗಳಿಗೆ ಚಿಲಿಪಿಲಿ ಎಂಬ ಚಟುವಟಿಕೆ ಆಧಾರಿತ ಪಠ್ಯಕ್ರಮವಿದ್ದು, ನನ್ನ ಕುಟುಂಬ, ಹಣ್ಣು ತರಕಾರಿ, ಪ್ರಾಣಿಗಳು ಮುಂತಾದ ವಿಷಯಗಳ ಸುತ್ತ ಹಾಡು, ಕಥೆ, ಆಟ ಹೆಣೆದಿರುತ್ತಾರೆ. ಕೋಣೆಯ ಒಂದು ಮೂಲೆಯಲ್ಲಿ ಗೊಂಬೆಗಳು, ಇನ್ನೊಂದರಲ್ಲಿ ಮರದ ತುಂಡುಗಳು, ಮತ್ತೊಂದರಲ್ಲಿ ಕಾಳು, ಎಲೆ, ಕಲ್ಲು. ಮಗಳು ಹುಣಸೆಬೀಜ ಮತ್ತು ಅವರೆಕಾಳನ್ನು ಬೇರೆ ಬೇರೆ ಬಟ್ಟಲಿಗೆ ಹಾಕುತ್ತಾ ಕೂರುತ್ತಿದ್ದಳು. ಎಣಿಕೆ, ವಿಂಗಡಣೆ, ಬೆರಳಿನ ಹಿಡಿತ, ಮೂರೂ ಅದರಲ್ಲೇ ಇವೆ. ಮುಂದೆ ಪೆನ್ಸಿಲ್ ಹಿಡಿಯುವ ಕೈ ತಯಾರಾಗುವುದು ಇಂಥ ಕೆಲಸದಿಂದಲೇ.

ಊಟದ ಹೊತ್ತು ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿತು. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮೂರರಿಂದ ಆರು ವರ್ಷದ ಪ್ರತಿ ಮಗುವಿಗೆ ಪೂರಕ ಆಹಾರ ಕೊಡಬೇಕು; 2013ರಿಂದ ಕ್ಷೀರಭಾಗ್ಯದ ಹಾಲೂ ಸೇರಿದೆ. ನಮ್ಮ ಕೇಂದ್ರದಲ್ಲಿ ಅನ್ನ ಸಾಂಬಾರ್, ಉಪ್ಪಿಟ್ಟು, ಪಾಯಸ, ಮೊಳಕೆ ಕಾಳು, ವಾರದಲ್ಲಿ ಎರಡು ದಿನ ಮೊಟ್ಟೆ ಇರುತ್ತಿದ್ದವು. ರುಚಿ ದಿನಕ್ಕೊಂದು ಬಗೆ. ಸಾಂಬಾರ್ ಕೆಲವೊಮ್ಮೆ ತೀರಾ ತೆಳು. ಆದರೆ ಮನೆಯಲ್ಲಿ ಫೋನಿನ ಪರದೆ ನೋಡುತ್ತಾ ತುತ್ತು ಹಾಕಿಸಿಕೊಳ್ಳುತ್ತಿದ್ದ ಮಗು ಅಲ್ಲಿ ಸಾಲಿನಲ್ಲಿ ಕೂತು, ಎಲ್ಲರ ತಟ್ಟೆಗೆ ಬಡಿಸುವವರೆಗೆ ಕಾದು, ತಾನೇ ಕಲಸಿ ತಿನ್ನುವುದನ್ನು ಕಲಿತಿತು. ತಟ್ಟೆ ತೊಳೆಯಲು ಎತ್ತಿಕೊಂಡು ಹೋಗಿ ಇಡುವುದೂ ಮಕ್ಕಳದೇ ಕೆಲಸ. ಈಗ ಎಲ್‌ಕೆಜಿಯಲ್ಲಿ ಅವಳ ಊಟದ ಡಬ್ಬಿ ಖಾಲಿಯಾಗಿ ಬರುವುದಕ್ಕೆ ಕಾರಣ ಆ ಸಾಲು.

ಮಕ್ಕಳೆಲ್ಲ ಒಂದೇ ವಯಸ್ಸಿನವರಲ್ಲದಿರುವುದು ಇನ್ನೊಂದು ಅನುಕೂಲ. ಮೂರರ ಮಗು ಐದರ ಮಗುವನ್ನು ನೋಡಿ ಚಪ್ಪಲಿ ಬಿಡುವ ಜಾಗ, ಕೈ ತೊಳೆಯುವ ಕ್ರಮ, ಹೋಗಬೇಕಾದಾಗ ಕೈ ಎತ್ತುವುದು ಎಲ್ಲವನ್ನೂ ಹಿಡಿದುಬಿಡುತ್ತದೆ. ನಮ್ಮ ಮಗಳು ಅಲ್ಲಿ ಕಲಿತ ಅರ್ಧ ಸಂಗತಿಗಳನ್ನು ಹಿರಿಯ ಮಕ್ಕಳೇ ಕಲಿಸಿದರು. ಮನೆಯಲ್ಲಿ ಉರ್ದು, ತಮಿಳು, ಹಿಂದಿ ಮಾತಾಡುವ ಮಕ್ಕಳೂ ಇದ್ದರು. ಹಾಡಿನ ಮೂಲಕ ಅವರ ಬಾಯಲ್ಲಿ ಕನ್ನಡ ಬಂದ ವೇಗ ನೋಡಿ ಸಂತೋಷವಾಯಿತು.

ಇನ್ನು ಕೊರತೆಗಳು. ನಮ್ಮ ಕೇಂದ್ರ ಬಾಡಿಗೆಯ ಒಂದು ಕೋಣೆಯಲ್ಲಿದೆ. ಅಡುಗೆಯ ಗ್ಯಾಸ್ ಒಲೆಗೂ ಮಕ್ಕಳ ಚಾಪೆಗೂ ನಡುವೆ ಅಡ್ಡಗೋಡೆಯಿಲ್ಲ. ಬಿಸಿ ಪಾತ್ರೆ ಇಳಿಸುವ ಹೊತ್ತಿನಲ್ಲಿ ನನಗೆ ಪ್ರತಿಸಲ ಆತಂಕವಾಗುತ್ತಿತ್ತು. ಶೌಚಾಲಯ ದೊಡ್ಡವರ ಅಳತೆಯದು, ಕತ್ತಲು. ಆ ಕತ್ತಲಿಗೆ ಹೆದರಿ ಮಗಳು ಕೆಲವು ವಾರ ಸುಸ್ಸು ತಡೆದುಕೊಳ್ಳುತ್ತಿದ್ದಳು, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಬಾಲವಿಕಾಸ ಸಮಿತಿಯ ಸಭೆಯಲ್ಲಿ ಪೋಷಕರು ಸೇರಿ ಕೇಳಿದ ಮೇಲೆ ಒಂದು ಬಲ್ಬ್ ಮತ್ತು ಮೆಟ್ಟಿಲುಮಣೆ ಬಂದವು. ಒಲೆಯ ಪ್ರಶ್ನೆ ಹಾಗೇ ಉಳಿದಿದೆ. ಹೊರಗೆ ಓಡಿ ಆಡಲು ಜಾಗವಿಲ್ಲ. ಆಟಿಕೆಗಳಲ್ಲಿ ಕೆಲವು ಮುರಿದು ಅಂಚು ಚೂಪಾಗಿದ್ದವು, ಬದಲಿಸಲು ಬಹಳ ಕಾಲ ಹಿಡಿಯಿತು.

ಇದಕ್ಕಿಂತ ದೊಡ್ಡ ತೊಡಕು ಕಾರ್ಯಕರ್ತೆಯ ಮೇಲಿರುವ ಹೊರೆ. ಶಾಲಾಪೂರ್ವ ಶಿಕ್ಷಣ ಅವರ ಕೆಲಸದ ಒಂದು ಭಾಗ ಮಾತ್ರ. ಗರ್ಭಿಣಿಯರು ಮತ್ತು ಬಾಣಂತಿಯರ ಪೋಷಣೆ, ಲಸಿಕೆಗೆ ನೆರವು, ಮನೆ ಭೇಟಿ, ಮಕ್ಕಳ ತೂಕ ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ತುಂಬುವುದು, ಮೇಲಿಂದ ಸಮೀಕ್ಷೆ ಮತ್ತು ಚುನಾವಣೆಯ ಕೆಲಸ. ಅವರು ಸಭೆಗೆ ಹೋದ ದಿನ ಅಡುಗೆ, ಶೌಚ, ಅಳು, ಜಗಳ ಎಲ್ಲವೂ ಒಬ್ಬ ಸಹಾಯಕಿಯ ಮೇಲೆ ಬೀಳುತ್ತವೆ. ಅಂಥ ದಿನ ಕಥೆಯೂ ಇಲ್ಲ, ಹಾಡೂ ಇಲ್ಲ. ಇಷ್ಟೆಲ್ಲ ಮಾಡುವವರು ಇನ್ನೂ ಗೌರವಧನದ ಮೇಲೆ ದುಡಿಯುತ್ತಿದ್ದಾರೆ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ, ಯೋಜನೆ ಶುರುವಾಗಿ 46 ವರ್ಷ ಕಳೆದ ಮೇಲೆ. ನಮ್ಮ ಮಕ್ಕಳ ಮೊದಲ ಗುರುವನ್ನು ನಾವು ಇಷ್ಟು ಅಗ್ಗವಾಗಿ ಇಟ್ಟುಕೊಂಡಿದ್ದೇವೆ ಎಂಬುದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಅಂಗನವಾಡಿಗೆ ಕಳುಹಿಸಿದರೆ ಮನೆಯವರ ಕೆಲಸ ಮುಗಿಯಿತು ಎನ್ನಲಾಗದು. ಸುಲಭವಾಗಿ ಎಳೆದು ಬಿಚ್ಚಬಹುದಾದ ಚಡ್ಡಿ ಹಾಕುವುದು, ಸುಸ್ಸು ಮತ್ತು ಕಕ್ಕದ ವಿಷಯ ನಾಚಿಕೆಯಿಲ್ಲದೆ ಹೇಳಲು ಬಿಡುವುದು, ರಾತ್ರಿ ಬೇಗ ಮಲಗಿಸುವುದು, ಇವನ್ನು ನಾವೇ ಮಾಡಬೇಕಾಯಿತು. ಎಲ್‌ಕೆಜಿಯ ಶಾಲೆಯ ಮುಂದೆ ಮೇ ತಿಂಗಳಲ್ಲಿ ಆಗಾಗ ನಡೆದು ಬಂದೆವು, ಗೇಟಿನೊಳಗಿನ ಜಾರುಬಂಡೆಯನ್ನು ತೋರಿಸಿದೆವು. ಶಾಲೆಗೆ ಹೋಗು, ಮಿಸ್ಸು ಸರಿ ಮಾಡುತ್ತಾರೆ ಎಂದು ಹೆದರಿಸುವ ಮಾತು ನಮ್ಮ ಮನೆಗಳಲ್ಲಿ ಬಹಳ ಸಲೀಸಾಗಿ ಬರುತ್ತದೆ. ಅಜ್ಜಿ ತಾತನಿಗೂ ಆ ಮಾತು ಬೇಡವೆಂದು ಕೇಳಿಕೊಂಡೆವು.

ಯಾರಿಗೆ ಇದು ಹೊಂದುತ್ತದೆ? ಮನೆಯಲ್ಲಿ ಬೆಳಗಿನ ಹೊತ್ತು ಒಬ್ಬರಾದರೂ ಇರುವ, ಮೊದಲ ವಾರಗಳಲ್ಲಿ ಜೊತೆಗೆ ಕೂರಬಲ್ಲ ಕುಟುಂಬಕ್ಕೆ ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಇಬ್ಬರೂ ಸಂಜೆಯವರೆಗೆ ಕೆಲಸಕ್ಕೆ ಹೋಗುವವರಿಗೆ ಸಮಯ ಸಾಲುವುದು ಕಷ್ಟ. ತೀವ್ರ ಅಲರ್ಜಿ ಅಥವಾ ವಿಶೇಷ ಆರೈಕೆ ಬೇಕಾದ ಮಗುವಾದರೆ, ಸಹಾಯಕಿ ಒಬ್ಬರೇ ಇರುವ ದಿನಗಳನ್ನು ನೆನಪಿನಲ್ಲಿಟ್ಟು ಮೊದಲೇ ಮಾತಾಡಿಕೊಳ್ಳಬೇಕು. ಒಂದು ಕೇಂದ್ರದಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ ಊಟದ ಹೊತ್ತಿಗೆ ಹೋಗಿ ಕೂತು ನೋಡಿ: ಒಲೆ ಎಲ್ಲಿದೆ, ಶೌಚಾಲಯದ ಬಾಗಿಲು ಮಗುವಿಗೆ ತೆಗೆಯಲು ಬರುತ್ತದೆಯೇ, ಬಾಗಿಲು ನೇರ ರಸ್ತೆಗೆ ತೆರೆಯುತ್ತದೆಯೇ, ಅಳುವ ಮಗುವಿನ ಬಳಿ ಯಾರು ಹೋಗುತ್ತಾರೆ. ಈ ಕೊನೆಯ ಪ್ರಶ್ನೆಗೆ ಸಮಾಧಾನದ ಉತ್ತರ ಸಿಕ್ಕರೆ ಗೋಡೆಯ ಬಣ್ಣ ಮಾಸಿದ್ದರೂ ಸೇರಿಸಬಹುದು. ನಮ್ಮಲ್ಲಿ ಕೇಳಿದ್ದು ಜನನ ಪ್ರಮಾಣಪತ್ರ, ಆಧಾರ್ ಮತ್ತು ತಾಯಿ ಕಾರ್ಡ್. ಶುಲ್ಕ ಏನೂ ಇಲ್ಲ.

ಎಲ್‌ಕೆಜಿಗೆ ಹೊರಡುವಾಗ ಕಾರ್ಯಕರ್ತೆಯಿಂದ ಮಗುವಿನ ತೂಕ ಮತ್ತು ಎತ್ತರದ ದಾಖಲೆಯನ್ನು ಬರೆದುಕೊಳ್ಳಿ. ಐದರಿಂದ ಆರು ವರ್ಷದ ನಡುವಿನ ಡಿಪಿಟಿ ಬೂಸ್ಟರ್ ಲಸಿಕೆ ಇನ್ನೂ ಬಾಕಿಯಿರುತ್ತದೆ. ಆ ಹೊತ್ತಿಗೆ ಮಗು ಖಾಸಗಿ ಶಾಲೆಯಲ್ಲಿದ್ದರೆ ನೆನಪಿಸುವವರು ಇರುವುದಿಲ್ಲವಾದ್ದರಿಂದ, ದಿನಾಂಕವನ್ನು ತಾಯಿ ಕಾರ್ಡಿನಲ್ಲೇ ಗುರುತು ಹಾಕಿಸಿಕೊಳ್ಳುವುದು ಒಳ್ಳೆಯದು.