2 ಟಿಬಿ ಹಾರ್ಡ್ ಡಿಸ್ಕ್: ನಾಲ್ಕು ಮಳೆಗಾಲ ಕಳೆದ ಮೇಲೆ

ಇದು 2.5 ಇಂಚಿನ ಯುಎಸ್‌ಬಿ 3.0 ಡಿಸ್ಕ್. ಉಡುಪಿಯ ಹಂಚಿನ ಮನೆಯಲ್ಲಿ, ಹಾಡು ಮತ್ತು ಯಕ್ಷಗಾನ ತುಂಬಿಡಲು ಬಳಕೆಯಲ್ಲಿದೆ. ವಿಂಡೋಸ್‌ನಲ್ಲಿ 1.81 ಟಿಬಿ ಅಂತ ತೋರಿಸುತ್ತದೆ. ಅಂಗಡಿಯವರ ಮೋಸವಲ್ಲ, ಡಬ್ಬಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರದ್ದು.

ಜಾಗಕ್ಕೆ ಬರವಿಲ್ಲ. ಸಿಡಿಯಿಂದ ತೆಗೆದ ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಧ್ವನಿ ಫೈಲ್) ಗಂಟೆಗೆ 300–400 ಎಂಬಿ, 320 ಕೆಬಿಪಿಎಸ್ ಎಂಪಿ3 ಆದರೆ 144. ತೊಡಕು ಬರುವುದು ಬೆಳಗಿನವರೆಗಿನ ಯಕ್ಷಗಾನ ಆಟದ ರೆಕಾರ್ಡಿಂಗ್‌ನಲ್ಲಿ. ಸಿಡಿ ಗುಣಮಟ್ಟದ, ಕುಗ್ಗಿಸದ ಸ್ಟೀರಿಯೋ ವೇವ್ ಫೈಲ್ ಗಂಟೆಗೆ 635 ಎಂಬಿ ತಿನ್ನುತ್ತದೆ, ಎಂಟು ಗಂಟೆಗೆ 5 ಜಿಬಿ ದಾಟುತ್ತದೆ. ಡಿಸ್ಕ್ ಫಾರ್ಮ್ಯಾಟ್ ಮಾಡುವ ಹಳೆಯ ಪದ್ಧತಿ ಫ್ಯಾಟ್32ನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ವಿಂಡೋಸ್‌ನ ಈಗಿನ ಪದ್ಧತಿ ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿದರೂ ಪೂರ್ತಿ ಬಚಾವ್ ಇಲ್ಲ: ಮಾಮೂಲಿ ವೇವ್ ಫೈಲಿನ ಗಾತ್ರ ಬರೆದಿಡುವ ತಲೆಭಾಗ, ಅಂದರೆ ಹೆಡರ್‌ಗೇ ಅದೇ 4 ಜಿಬಿ ಮಿತಿ. ಒಡ್ಡೋಲಗ, ಯುದ್ಧ, ಹೀಗೆ ಸನ್ನಿವೇಶಕ್ಕೊಂದರಂತೆ ತುಂಡು ಮಾಡಿ ಫ್ಲಾಕ್ ಮಾಡುವುದೇ ಸರಿ. ಬೇಕಾದ ಪದ್ಯ ಹುಡುಕಲೂ ಸುಲಭ. ಹಳೆಯ ತಾಳಮದ್ದಲೆ ಕ್ಯಾಸೆಟ್ಟಿನ ‘ಸುಯ್’ ಸದ್ದಿನಿಂದಾಗಿ ಫೈಲಿನ ಗಾತ್ರ ಮಾತ್ರ ಫ್ಲಾಕ್‌ನಲ್ಲೂ ಅಷ್ಟಾಗಿ ಕುಗ್ಗುವುದಿಲ್ಲ. ಮೂಲ ಮೋನೋ ಆಗಿದ್ದರೆ ಒಂದೇ ಚಾನೆಲ್ ಉಳಿಸಿಕೊಳ್ಳಿ.

ಮತ್ತೊಂದು ಪದ್ಧತಿ ಎಕ್ಸ್‌ಫ್ಯಾಟ್ ವಿಂಡೋಸ್, ಮ್ಯಾಕ್ ಎರಡರಲ್ಲೂ ಬರೆಯುತ್ತದೆ, ಆದರೆ ಅದಕ್ಕೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಗುರುತಿಡುವ ದಾಖಲೆ) ಇಲ್ಲ. ಕಾಪಿ ನಡೆಯುವಾಗ ಕೇಬಲ್ ಕಿತ್ತರೆ ಫೋಲ್ಡರೇ ಕೆಡಬಹುದು. ವಿಂಡೋಸ್ ಒಂದೇ ಸಾಕಾದವರಿಗೆ ಎನ್‌ಟಿಎಫ್‌ಎಸ್ ವಾಸಿ. ಕಾರಿನ ಸ್ಟೀರಿಯೋಗೆ ಬೇರೆ ಪೆನ್‌ಡ್ರೈವ್ ಇರಲಿ. ಕನ್ನಡದ ಫೈಲ್ ಹೆಸರು ಅಲ್ಲಿ ಬರೀ ಚೌಕಗಳಾಗಿ ಕಾಣುವುದುಂಟು, ಹಾಗಾಗಿ ಫೈಲ್ ಹೆಸರು ಇಂಗ್ಲಿಷ್‌ನಲ್ಲಿ, ಟ್ಯಾಗ್ ಕನ್ನಡದಲ್ಲಿ.

ವೇಗದ ಬಗ್ಗೆ ಒಂದು ತಕರಾರು. ಈ ಗಾತ್ರದ ಬಹಳಷ್ಟು ಡಿಸ್ಕ್‌ಗಳಂತೆ ಇದೂ ಎಸ್‌ಎಂಆರ್, ಅಂದರೆ ಬರೆಯುವ ಸಾಲುಗಳು ಹಂಚಿನಂತೆ ಒಂದರ ಮೇಲೊಂದು ಹೊದ್ದಿರುವ ಬಗೆ. ಶುರುವಿಗೆ ಸೆಕೆಂಡಿಗೆ 100 ಎಂಬಿ ಮೇಲೆ ಓಡಿ, ಸಾವಿರಾರು ಫೈಲಿನ ಟ್ಯಾಗ್ ಒಟ್ಟಿಗೆ ಬದಲಿಸುವಾಗ ತೆವಳುತ್ತದೆ. ಟ್ಯಾಗ್ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲೇ ಮುಗಿಸಿ ಆಮೇಲೆ ಕಾಪಿ ಮಾಡಿ. ಹಾಡು ಕೇಳಲು ಏನೂ ತೊಂದರೆಯಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿಗೂ ಬೂಸ್ಟು ಬರುವ ಊರಿದು. ಇಲ್ಲಿ ಮೊದಲು ಕೆಡುವುದು ಕೇಬಲಿನ ಅಗಲ ಮೂತಿ. ಪಿನ್ ಕಿಲುಬಿದರೆ ಡಿಸ್ಕ್ ಕಾಣಿಸಿ ಮಾಯವಾಗುತ್ತದೆ, ಇಲ್ಲವೇ ಟಿಕ್ ಟಿಕ್ ಎನ್ನುತ್ತದೆ. ಡಿಸ್ಕ್ ಸತ್ತಿತೆಂದು ಅಳುವ ಮೊದಲು ಬೇರೆ ಗಿಡ್ಡ ಕೇಬಲ್ ಹಾಕಿ, ಹಬ್ ಬಿಟ್ಟು ನೇರ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿ ನೋಡಿ: ಹಳೆಯ ಪೋರ್ಟ್ 500 ಮಿಲಿಆಂಪ್ ಕೊಟ್ಟರೆ ಇದು 900 ಕೊಡುತ್ತದೆ. ಮೂತಿಯನ್ನು ಅಲುಗಾಡಿಸಿ ಕೀಳಬೇಡಿ. ಹಲವು ಡಿಸ್ಕ್‌ಗಳಲ್ಲಿ ಅದು ಕೂರುವ ಸಾಕೆಟ್ ನೇರ ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ.

ಗಾಳಿಯಾಡದ ಡಬ್ಬಿಯಲ್ಲಿ ನೂರು ಗ್ರಾಂ ಸಿಲಿಕಾ ಜೆಲ್ ಜತೆ ಇಡಿ. ಕಿತ್ತಳೆ ಹರಳು ಹಸಿರಾದಾಗ ಬಿಸಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಅಕ್ಕಿ ಡಬ್ಬಿಯ ಉಪಾಯ ಬೇಡ, ತೌಡಿನ ಪುಡಿ ಮೂತಿಗೆ ಸೇರುತ್ತದೆ. ಎಸಿ ಕೋಣೆಯಿಂದ ಹೊರಗೆ ತಂದ ಡಿಸ್ಕನ್ನು ಒಂದು ಗಂಟೆ ಬಿಟ್ಟು ಚಾಲು ಮಾಡಿ.

ತಿಂಗಳಿಗೊಮ್ಮೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು 05 (ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು) ಮತ್ತು ಸಿ5 (ಓದಲು ತೊಡಕಿರುವ ಸೆಕ್ಟರ್‌ಗಳು) ಸಾಲುಗಳ ಕಚ್ಚಾ ಅಂಕಿ ನೋಡಿ. ಸೊನ್ನೆ ಇದ್ದದ್ದು ಏರತೊಡಗಿದರೆ ಅಂದೇ ಬೇರೆಡೆಗೆ ಕಾಪಿ. ಫ್ಲಾಕ್ ಫೈಲಿನೊಳಗೆ ಧ್ವನಿಯ ಎಂಡಿ5 ಮೊತ್ತವೂ (ತಾಳೆ ನೋಡುವ ಗುರುತು) ಇರುವುದರಿಂದ ‘ಫೂಬಾರ್2000’ ಪ್ಲೇಯರ್‌ನಲ್ಲಿ ಕೆಟ್ಟ ಹಾಡನ್ನು ಕೇಳದೆಯೇ ಪತ್ತೆ ಹಚ್ಚಬಹುದು. ಎಂಪಿ3ಗೆ ಈ ಸೌಲಭ್ಯವಿಲ್ಲ.

ಎರಡನೇ ಡಿಸ್ಕ್ ಬೇಕೇ ಬೇಕು, ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಆದರೆ ಬ್ಯಾಕಪ್ ತಂತ್ರಾಂಶದಲ್ಲಿ ‘ಮಿರರ್’ ಒತ್ತುವಾಗ ಹುಷಾರು: ಮೊದಲನೆಯದರಲ್ಲಿ ಕೈತಪ್ಪಿ ಅಳಿಸಿದ್ದನ್ನು ಅದು ಎರಡನೆಯದರಲ್ಲೂ ಅಳಿಸುತ್ತದೆ.