ಹೊಸ ಬಣ್ಣದ ಹಳೆಯ ಹತ್ತರಿ: ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಹಳೆಯ ಕಬ್ಬಿಣದ ಹತ್ತರಿ, ಅಂದರೆ ಬಡಗಿಗಳು ಮರ ಹೆರೆದು ನುಣುಪು ಮಾಡುವ ಉಪಕರಣ, ಕೊಳ್ಳಬೇಕು ಅಂತ ಆಸೆ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ತುಕ್ಕು ಹಿಡಿದದ್ದನ್ನು ಬೇಕಾದರೆ ಕೊಳ್ಳಿ. ಜೇಡರ ಬಲೆ ಕಟ್ಟಿದ್ದರೂ ಪರವಾಗಿಲ್ಲ. ಆದರೆ ಯಾರೋ ಉಜ್ಜಿ, ಕರಿ ಬಣ್ಣ ಹೊಡೆದು, ಹಿಡಿಗೆ ಪಾಲಿಶ್ ಹಾಕಿ, ‘ಫುಲ್ ರಿಸ್ಟೋರ್ ಆಗಿದೆ’ ಅಂತ ಮಾರುತ್ತಿರುವುದನ್ನು ಬಿಚ್ಚಿ ನೋಡದೆ ಕೊಳ್ಳಬೇಡಿ. ತುಕ್ಕಿನ ಅಡಿಯಲ್ಲಿ ಬಿರುಕಿದ್ದರೆ ಹೇಗೋ ಕಣ್ಣಿಗೆ ಬೀಳುತ್ತದೆ. ಬಣ್ಣದ ಅಡಿಯಲ್ಲಿದ್ದರೆ ಬೀಳುವುದಿಲ್ಲ.

ನಾನು 4,800 ರೂಪಾಯಿ ಕೊಟ್ಟು ಇಂಥದ್ದೊಂದನ್ನು ತರಿಸಿಕೊಂಡೆ. ಸ್ಟ್ಯಾನ್ಲಿ ಕಂಪನಿಯ ನಂಬರ್ 5 ಮಾದರಿ. ಸುಮಾರು 14 ಇಂಚು ಉದ್ದ, 2 ಇಂಚಿನ ಬ್ಲೇಡು. ಆನ್‌ಲೈನ್‌ನಲ್ಲಿ ಹಳೇ ಸಾಮಾನು ಮಾರುವವನೊಬ್ಬ ಫೋಟೋ ಹಾಕಿದ್ದ. ಫೋನ್ ಮಾಡಿದಾಗ ಬಹಳ ಚೆನ್ನಾಗಿ ಮಾತಾಡಿದ. “ಸಾರ್, ಇದು ಇಂಗ್ಲೆಂಡ್ ಪೀಸು. ತಳ ಮಷೀನ್‌ನಲ್ಲಿ ಗ್ರೈಂಡ್ ಮಾಡಿಸಿದ್ದೀನಿ. ಬಾಕ್ಸ್ ತೆಗೆದ ತಕ್ಷಣ ಕೆಲಸಕ್ಕೆ ಹಚ್ಚಬಹುದು” ಅಂದ. ಪೂರ್ತಿ ದುಡ್ಡು ಮೊದಲೇ ಬೇಕು ಅಂದ, ಕಳಿಸಿದೆ.

ಈ ಮೋಸ ನಡೆಯುವುದು ಯಾಕೆ ಅಂತ ತಿಳಿಯಬೇಕಾದರೆ ಹತ್ತರಿಯ ಕಥೆ ಸ್ವಲ್ಪ ಗೊತ್ತಿರಬೇಕು. ಈ ಮಾದರಿ ಅಮೆರಿಕದ ಲಿಯೊನಾರ್ಡ್ ಬೇಲಿ ಎಂಬಾತನದು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಆತನ ಪೇಟೆಂಟುಗಳನ್ನು ಕೊಂಡುಕೊಂಡಿತು. ಪೇಟೆಂಟಿನ ಕಾಲ ಮುಗಿದ ಮೇಲೆ ಎಲ್ಲರೂ ಅದನ್ನೇ ಮಾಡತೊಡಗಿದರು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1930ರ ದಶಕದಿಂದ ರೆಕಾರ್ಡ್ ಕಂಪನಿ ಮಾಡಿತು, ಸ್ಟ್ಯಾನ್ಲಿಯೂ ಅಲ್ಲೇ ಮಾಡಿಸಿತು. ನಮ್ಮ ದೇಶದಲ್ಲೂ ಅದೇ ಅಚ್ಚಿನವು ಬಂದವು. ಹೀಗಾಗಿ ಎಲ್ಲ ಕಂಪನಿಯ ಹತ್ತರಿಗಳೂ ನೋಡಲು ಒಂದೇ ಥರ. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂತ ಹಾಗೆ ಕಾಣುತ್ತದೆ. ಆದರೆ ಸರಿಯಾಗಿ ಕೂರುವುದಿಲ್ಲ. ಗುಜರಿಯಲ್ಲಿ ಸಿಕ್ಕ ಮೂರು ಮುರುಕಲು ಹತ್ತರಿಗಳಿಂದ ಒಂದು ‘ಇಂಗ್ಲೆಂಡ್ ಪೀಸು’ ಹುಟ್ಟುವುದು ಹೀಗೆ.

ನನಗೆ ಬಂದದ್ದು ಕಣ್ಣಿಗೆ ಹಬ್ಬದಂತಿತ್ತು. ತೇಗದ ಹಲಗೆಯ ಮೇಲೆ ಇಟ್ಟು ತಳ್ಳಿದೆ. ಕಟಕಟ ಅಂತ ಅದುರಿತು. ಬ್ಲೇಡು ಒಂದು ಕಡೆ ಕಚ್ಚುತ್ತದೆ, ಇನ್ನೊಂದು ಕಡೆ ಮರವನ್ನೇ ಮುಟ್ಟುವುದಿಲ್ಲ. ಬ್ಲೇಡು ಮಸೆದು ನೋಡಿದೆ, ಅದೇ ಕಥೆ. ನಮ್ಮ ಬೀದಿಯ ಆಚಾರ್ರ ಹತ್ತಿರ ತೆಗೆದುಕೊಂಡು ಹೋದೆ. ಅವರು ಬ್ಲೇಡು ತೆಗೆದರು, ಫ್ರಾಗ್ ಬಿಚ್ಚಿದರು. ಫ್ರಾಗ್ ಅಂದರೆ ಬ್ಲೇಡು 45 ಡಿಗ್ರಿ ಓರೆಯಲ್ಲಿ ಒರಗುವ ಕಬ್ಬಿಣದ ಪೀಠ. ಅದರ ಕೆಳಗೆ ನೋಡಿ ನಕ್ಕರು. “ಏನ್ ಸ್ವಾಮಿ, ಇಲ್ಲೂ ಬಣ್ಣ ಹೊಡೆದಿದ್ದಾನಲ್ಲ!”

ಇದು ನೆನಪಿಟ್ಟುಕೊಳ್ಳಬೇಕಾದ ವಿಷಯ. ಫ್ರಾಗ್ ಕೂರುವ ಜಾಗವನ್ನು ಕಾರ್ಖಾನೆಯಲ್ಲಿ ಯಂತ್ರದಿಂದ ಸಮ ಮಾಡಿ ಬರಿ ಕಬ್ಬಿಣವಾಗಿಯೇ ಬಿಡುತ್ತಾರೆ. ಕಬ್ಬಿಣದ ಮೇಲೆ ಕಬ್ಬಿಣ ಅಲುಗಾಡದೆ ಕೂರಬೇಕು, ಅದಕ್ಕೆ. ಅಲ್ಲಿ ಬಣ್ಣ ಇದ್ದರೆ ಹೊಡೆದವನಿಗೆ ಹತ್ತರಿ ಗೊತ್ತಿಲ್ಲ, ಇಲ್ಲವೇ ಏನನ್ನೋ ಮುಚ್ಚುತ್ತಿದ್ದಾನೆ. ನನ್ನದರಲ್ಲಿ ಎರಡೂ ಇತ್ತು. ಥಿನ್ನರ್ ಹಾಕಿ ಒರೆಸಿದಾಗ ಬಣ್ಣದ ಜೊತೆ ಕಾರಿಗೆ ಹಚ್ಚುವ ಪುಟ್ಟಿಯೂ ಎದ್ದು ಬಂತು. ಬಾಯಿಯ (ತಳದಲ್ಲಿ ಬ್ಲೇಡು ಹೊರಬರುವ ಸೀಳು) ಮೂಲೆಯಿಂದ ಬಲಗಡೆಯ ಗೋಡೆಯವರೆಗೆ ಹಳದಿ ಗೆರೆ. ಹಿತ್ತಾಳೆ ಬೆಸುಗೆ! ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಹೊಸ ಬಿರುಕು.

ಈ ಹತ್ತರಿಗಳ ಮೈ ಎರಕದ ಕಬ್ಬಿಣದ್ದು. ಬಗ್ಗುವುದಿಲ್ಲ, ಒಡೆಯುತ್ತದೆ. ಬೆಂಚಿನಿಂದ ಸಿಮೆಂಟ್ ನೆಲಕ್ಕೆ ಬಿದ್ದರೆ ಸಾಕು. ಬಿರುಕು ಬಿಡುವುದು ಹೆಚ್ಚಾಗಿ ಬಾಯಿಯ ಹತ್ತಿರವೇ. ತಳದಲ್ಲಿ ಬ್ಲೇಡಿಗಾಗಿ ಅಡ್ಡ ಸೀಳಿರುವುದರಿಂದ ಅಲ್ಲಿ ಕಬ್ಬಿಣ ಕಡಿಮೆ. ಹಿತ್ತಾಳೆ ಬೆಸುಗೆ ತಪ್ಪು ಅಂತ ನಾನು ಹೇಳುವುದಿಲ್ಲ. ಕೈ ಪಳಗಿದವರು ನಿಧಾನಕ್ಕೆ ಬಿಸಿ ಮಾಡಿ, ನಿಧಾನಕ್ಕೆ ಆರಿಸಿ ಹಾಕಿದ ಬೆಸುಗೆ ಕೆಲಸಕ್ಕೆ ಬರುತ್ತದೆ. ‘ಒಡೆದಿತ್ತು, ಬೆಸೆದಿದ್ದೇನೆ, 800 ರೂಪಾಯಿ ಕೊಡಿ’ ಅಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಪುಟ್ಟಿ ಮೆತ್ತಿ 4,800 ಕೇಳಿದ್ದು ಮೋಸ.

‘ಮಷೀನ್ ಗ್ರೈಂಡಿಂಗ್’ ವಿಷಯಕ್ಕೆ ಬರೋಣ. ಇದರಲ್ಲಿ ಜನ ಜಾಸ್ತಿ ಮರುಳಾಗುತ್ತಾರೆ, ಕೇಳಲು ಚೆನ್ನಾಗಿರುತ್ತೆ ಅಲ್ವಾ? ಸರ್ಫೇಸ್ ಗ್ರೈಂಡರ್ ಅನ್ನುವ, ಮೇಲ್ಮೈಯನ್ನು ಸಾಣೆಕಲ್ಲಿನಿಂದ ಉಜ್ಜುವ ಯಂತ್ರದಲ್ಲಿ ಕಬ್ಬಿಣವನ್ನು ಹಿಡಿದುಕೊಳ್ಳುವುದು ಅಯಸ್ಕಾಂತದ ಹಾಸು. ಹತ್ತರಿಯ ಮೈ ತೆಳು, ಉದ್ದ. ಅದು ಸ್ವಲ್ಪ ಸೊಟ್ಟಗಿದ್ದರೆ ಅಯಸ್ಕಾಂತ ಅದನ್ನು ಎಳೆದು ಚಪ್ಪಟೆ ಮಾಡಿಬಿಡುತ್ತದೆ. ಕಲ್ಲು ಮೇಲಿಂದ ಉಜ್ಜಿ ನುಣ್ಣಗೆ ಮಾಡುತ್ತದೆ. ಕರೆಂಟ್ ಬಂದ್ ಮಾಡಿ ಎತ್ತಿದರೆ ಮೈ ಮತ್ತೆ ತನ್ನ ಸೊಟ್ಟಕ್ಕೇ ಹೋಗುತ್ತದೆ. ಹೊಳಪು ಮಾತ್ರ ಹೊಸದು. ಅಡಿಗೆ ಶಿಮ್ (ತೆಳು ತಗಡಿನ ಚೂರು) ಕೊಟ್ಟು, ಎಳೆಯದ ಹಾಗೆ ಕೂರಿಸಿ ಗ್ರೈಂಡ್ ಮಾಡಲು ಬರುವವರಿದ್ದಾರೆ, ಆದರೆ ಹತ್ತರಿ ಮಾರುವವನು ಅಂಥವರನ್ನು ಹುಡುಕಿಕೊಂಡು ಹೋಗುವುದಿಲ್ಲ. ನನ್ನದರ ತಳಕ್ಕೆ ಉಕ್ಕಿನ ಪಟ್ಟಿ ಉದ್ದಕ್ಕೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ನಡುವೆ ಧಾರಾಳವಾಗಿ ಬೆಳಕು ಕಾಣುತ್ತಿತ್ತು. ಮೂತಿ, ಬಾಯಿಯ ಮುಂದಿನ ಅಂಚು, ಹಿಮ್ಮಡಿ ಈ ಮೂರು ಒಂದೇ ಮಟ್ಟದಲ್ಲಿರಬೇಕು. ಬೇರೆ ಕಡೆ ಚೂರು ತಗ್ಗಿದ್ದರೆ ನಡೆಯುತ್ತದೆ. ನನ್ನದರಲ್ಲಿ ಬಾಯಿಯೇ ತಗ್ಗಿನಲ್ಲಿತ್ತು. ಅದೂ ಅಲ್ಲದೆ, ತಳವನ್ನು ಜಾಸ್ತಿ ತೆಗೆದಷ್ಟೂ ಬಾಯಿ ಅಗಲವಾಗುತ್ತದೆ. ಒಮ್ಮೆ ಅಗಲವಾದರೆ ಮತ್ತೆ ಚಿಕ್ಕದಾಗುವುದಿಲ್ಲ. ಫ್ರಾಗ್ ಮುಂದಕ್ಕೆ ಸರಿಸಿ ಸ್ವಲ್ಪ ಸುಧಾರಿಸಬಹುದು ಅಷ್ಟೆ.

ಆ ಫ್ರಾಗೂ ಬೇರೆ ಹತ್ತರಿಯದೇ. ಮೈಯಲ್ಲಿ ಇಂಗ್ಲೆಂಡ್ ಅಂತ ಎರಕದ ಅಕ್ಷರ ಇತ್ತು, ನಿಜ. ಫ್ರಾಗ್ ಮಾತ್ರ ಯಾವುದೋ ಅಗ್ಗದ ನಕಲಿನದು. ಅದು ಓಲಾಡುತ್ತಿತ್ತು. ಕಟಕಟ ಅದುರಿದ್ದಕ್ಕೆ ಅದೇ ಕಾರಣ. ಸ್ಕ್ರೂಗಳದ್ದು ಇನ್ನೊಂದು ಗೋಳು. ಹಳೇ ಸ್ಟ್ಯಾನ್ಲಿಯ ತ್ರೆಡ್ಡುಗಳು ಇಂಚಿನ ಲೆಕ್ಕದವು, ಅದರಲ್ಲೂ ಮಾಮೂಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದ ಅಳತೆಯವು. ಮಾರಿದವನು ಮಿಲಿಮೀಟರ್ ಲೆಕ್ಕದ ಎಂ6 ಬೋಲ್ಟನ್ನು ತಿರುಚಿ ತಿರುಚಿ ಹಾಕಿ ಮೈಯಲ್ಲಿದ್ದ ತ್ರೆಡ್ಡನ್ನೇ ತಿಂದುಹಾಕಿದ್ದ. ಬ್ಲೇಡನ್ನು ಮೇಲೆ ಕೆಳಗೆ ಮಾಡುವ ಹಿತ್ತಾಳೆ ಚಕ್ರಕ್ಕೆ ಎಡಗೈ ತ್ರೆಡ್ ಇರುತ್ತದೆ ಅನ್ನುವುದೂ ಗೊತ್ತಿಲ್ಲದೆ ಯಾರೋ ಇಕ್ಕಳ ಹಾಕಿ ಉಲ್ಟಾ ಎಳೆದ ಗುರುತು ಅದರ ಮೇಲಿತ್ತು.

ಇನ್ನು ಬ್ಲೇಡು. ಫೋಟೋದಲ್ಲಿ ಕನ್ನಡಿಯಂತಿತ್ತು. ಹಿಂಬದಿ ತಿರುಗಿಸಿದರೆ ಅಂಚಿನ ಹತ್ತಿರ ನೀಲಿ ನೆರಳು. ಗ್ರೈಂಡರ್‌ಗೆ ಹಿಡಿದು ನೀರಿಗೆ ಅದ್ದದೆ ಒತ್ತಿದರೆ ಹೀಗಾಗುತ್ತದೆ. ಹಳೇ ಇಂಗಾಲದ ಉಕ್ಕು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಾಗ ನೀಲಿ ಬರುತ್ತದೆ. ಆ ಹೊತ್ತಿಗೆ ಹದ ಹೋಗಿರುತ್ತದೆ. ಆಚಾರ್ರು ಅಂಚಿಗೆ ಅರ ಇಟ್ಟು ನೋಡಿದರು. ಹದ ಸರಿಯಿದ್ದರೆ ಅರ ಜಾರಬೇಕು, ಇಲ್ಲಿ ಕಚ್ಚಿತು. ಹಲಸಿನ ಮರದಲ್ಲಿ ಒಂದು ಗಂಟು ಸಿಕ್ಕರೆ ಇಂಥ ಅಂಚು ಮಡಚಿಕೊಳ್ಳುತ್ತದೆ. ನೀಲಿ ಇರುವಷ್ಟನ್ನು ತೇಯ್ದು ಹಿಂದಕ್ಕೆ ಹೋಗಬಹುದಿತ್ತು. ಆದರೆ ಬ್ಲೇಡಿನಲ್ಲಿ ಅಷ್ಟು ಉದ್ದವೇ ಉಳಿದಿರಲಿಲ್ಲ.

ಮಾರಿದವನಿಗೆ ಫೋಟೋ ಸಮೇತ ಎಲ್ಲ ಕಳಿಸಿದೆ. “ಹಳೇ ಸಾಮಾನು ಅಂದ್ಮೇಲೆ ಇರುತ್ತೆ ಸಾರ್, ಶೋಕೇಸ್‌ನಲ್ಲಿ ಇಡಿ” ಅಂದ. ದುಡ್ಡು ವಾಪಸ್ ಕೇಳಿದ್ದಕ್ಕೆ ನಂಬರ್ ಬ್ಲಾಕ್ ಆಯಿತು.

ನೀವು ಎದುರಿಗೇ ನೋಡಿ ಕೊಳ್ಳುವುದಾದರೆ, ಬೆಂಗಳೂರಿನ ಸಂಡೆ ಬಜಾರೋ ಊರಿನ ಗುಜರಿಯೋ, ಮೊದಲು ಬ್ಲೇಡು, ಫ್ರಾಗ್, ಹಿಡಿ ಎಲ್ಲ ಬಿಚ್ಚಿಸಿ. ಬಿಚ್ಚಲು ಬಿಡದಿದ್ದರೆ ಸುಮ್ನೆ ಮುಂದಕ್ಕೆ ಹೋಗಿ. ಬರಿ ಮೈಯನ್ನು ಬೆರಳ ತುದಿಯಲ್ಲಿ ತೂಗಿಸಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿಯಿದ್ದರೆ ಠಣ್ ಅನ್ನುತ್ತದೆ, ಬಿರುಕಿದ್ದರೆ ಮಂದ ಸದ್ದು. ಇದನ್ನೊಂದನ್ನೇ ನಂಬಬೇಡಿ. ಅನುಮಾನ ಬಂದರೆ ಬಾಯಿಯ ಮೂಲೆಗಳಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಗೆ ಏರಿ ಗೆರೆಯಾಗಿ ಕಾಣುತ್ತದೆ. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ, ಡೀಸೆಲ್ ಆದರೂ ಆಗುತ್ತದೆ. ಬಣ್ಣದ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ, ಬರಿ ಕಬ್ಬಿಣಕ್ಕೆ ಮಾತ್ರ.

ತುಕ್ಕಿನದನ್ನೇ ತಂದರೆ ಏನು ಮಾಡುವುದು ಅಂತ ಹೆದರಬೇಡಿ. ಮೇಲ್ಮೈ ತುಕ್ಕಿಗೆ ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಸಾಕು. ನೀರಿಗೆ ಹಾಕಿ ಕಬ್ಬಿಣದ ಭಾಗಗಳನ್ನು ಮಾತ್ರ ಅದ್ದಿಡಿ, ಆಗಾಗ ತೆಗೆದು ಬ್ರಷ್‌ನಿಂದ ಉಜ್ಜಿ. ಮರೆತು ಬಿಟ್ಟರೆ ಅದು ಕಬ್ಬಿಣವನ್ನೂ ತಿನ್ನುತ್ತದೆ. ತೆಗೆದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಹೊಲಿಗೆ ಮಷೀನ್ ಎಣ್ಣೆ ಸವರಿ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಬೇಡ. ಅದರ ಹೊಗೆಗೇ ಹತ್ತಿರದ ಉಳಿ, ಗರಗಸ ಎಲ್ಲ ತುಕ್ಕು ಹಿಡಿಯುತ್ತವೆ. ಹಳೇ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ, ಸೀಸ ಇರಬಹುದು. ತುಕ್ಕಿನಲ್ಲಿ ನಿಜಕ್ಕೂ ನೋಡಬೇಕಾದ್ದು ಬ್ಲೇಡಿನ ಹಿಂಬದಿ. ಅಂಚಿನ ಹತ್ತಿರ ಆಳದ ಗುಳಿಗಳಿದ್ದರೆ ಎಷ್ಟು ಮಸೆದರೂ ಅಂಚು ಹಲ್ಲು ಹಲ್ಲಾಗುತ್ತದೆ. ಆಗ ಬ್ಲೇಡು ಹೊಸದು ಬೇಕು, ಆ ಖರ್ಚನ್ನು ಸೇರಿಸಿಯೇ ಬೆಲೆ ಮಾತಾಡಿ.

ನನಗೆ ಮಾರಿದವನು ಬೇರೆ ಹೆಸರಿನಲ್ಲಿ ಇನ್ನೂ ಮಾರುತ್ತಿದ್ದಾನೆ ಅಂತ ಕಾಣುತ್ತದೆ. ಅದೇ ಹೊಳೆಯುವ ಕರಿ ಬಣ್ಣ, ಅದೇ ಹಸಿರು ಬಟ್ಟೆಯ ಮೇಲೆ ತೆಗೆದ ಫೋಟೋಗಳು. ಎಲ್ಲವೂ ಎಡಗಡೆಯಿಂದಲೇ. ಇಂಥದ್ದು ಕಣ್ಣಿಗೆ ಬಿದ್ದರೆ ಬಲಗಡೆಯದೊಂದು, ಫ್ರಾಗ್ ಬಿಚ್ಚಿದ್ದೊಂದು, ಬ್ಲೇಡಿನ ಹಿಂಬದಿಯದೊಂದು ಫೋಟೋ ಕೇಳಿ. ‘ಕಳಿಸ್ತೀನಿ ಸಾರ್, ಮೊದಲು ಅಡ್ವಾನ್ಸ್ ಹಾಕಿ’ ಅಂದರೆ ಫೋನ್ ಇಟ್ಟುಬಿಡಿ.