ಸಾದಾ, ಇಡೀ ಗೋಧಿ, ಬೇಳೆ: ಮೂರು ಪಾಸ್ತಾ ತಿಂದು ನೋಡಿದೆ

ಮಧ್ಯಾಹ್ನ ಪಾಸ್ತಾ ತಿಂದರೆ ಮೂರು ಗಂಟೆಗೆ ತೂಕಡಿಕೆ, ನಾಲ್ಕೂವರೆಗೆ ಮತ್ತೆ ಹಸಿವು. ಇದು ನನ್ನ ಹಳೇ ಪಾಡು. ಅದಕ್ಕೇ ಕೆಲವು ತಿಂಗಳು ಪಾಸ್ತಾನೇ ಬಿಟ್ಟುಬಿಟ್ಟಿದ್ದೆ. ಆದರೆ ಇಷ್ಟದ ಊಟ, ಮನಸ್ಸು ಕೇಳಬೇಕಲ್ವಾ? ತಪ್ಪು ಪಾಸ್ತಾದ್ದೋ, ನಾನು ತಿನ್ನುವ ರೀತಿಯದ್ದೋ ನೋಡೇಬಿಡೋಣ ಅಂತ ಮೂರು ಬಗೆ ತಂದಿಟ್ಟುಕೊಂಡೆ. ಡ್ಯೂರಮ್ ಅನ್ನುವ ಗಟ್ಟಿ ಗೋಧಿಯ ರವೆಯ ಸಾದಾ ಪಾಸ್ತಾ, ಹೊಟ್ಟು ಸಮೇತ ಬೀಸಿದ ಇಡೀ ಗೋಧಿಯದ್ದು, ಮತ್ತೆ ಕೆಂಪು ಬೇಳೆ ಹಿಟ್ಟಿನದ್ದು. ಒಂದೊಂದಕ್ಕೂ ಎರಡು ವಾರ. ಅದೇ ಟೊಮೆಟೊ ಸಾಸ್, ಅದೇ ಒಂದು ದೊಡ್ಡ ಚಮಚ ಆಲಿವ್ ಎಣ್ಣೆ, ಊಟ ಮಧ್ಯಾಹ್ನ ಒಂದಕ್ಕೆ. ಮುಂದಿನ ಹಸಿವು ಎಷ್ಟು ಹೊತ್ತಿಗೆ ಬಂತು ಅಂತ ದಿನಾ ಬರೆದಿಟ್ಟೆ.

ಮೊದಲ ದಿನ ತಕ್ಕಡಿಯೇ ನನ್ನ ಕಣ್ಣು ತೆರೆಸಿತು. ಅದುವರೆಗೆ ಕಣ್ಣಳತೆಯಲ್ಲಿ ಸುರಿಯುತ್ತಿದ್ದಷ್ಟನ್ನು ತೂಗಿದರೆ 140 ಗ್ರಾಂ! ಇಟಲಿಯಲ್ಲಿ ಒಬ್ಬರಿಗೆ ಒಂದು ಹೊತ್ತಿಗೆ 80 ಗ್ರಾಂ ಒಣ ಪಾಸ್ತಾ ಅಂತ ಲೆಕ್ಕ. ಅಮೆರಿಕದ ಪ್ಯಾಕೆಟ್‌ಗಳಲ್ಲಿ ಅದು 56 ಗ್ರಾಂ. ಅಂದರೆ ಇಬ್ಬರ ಊಟವನ್ನು ನಾನೊಬ್ಬಳೇ ಮಾಡುತ್ತಿದ್ದೆ. 80 ಗ್ರಾಂ ಒಣ ಪಾಸ್ತಾ ಬಟ್ಟಲಿಗೆ ಹಾಕಿದರೆ ತಳ ಮುಚ್ಚುತ್ತದೆ, ಅಷ್ಟೇ. ನೋಡಿದರೆ ಬೇಜಾರಾಗುತ್ತದೆ. ಬೆಂದ ಮೇಲೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ತೂಗುತ್ತದೆ, ಆಗ ಸಮಾಧಾನ. ಕ್ಯಾಲೊರಿ ವಿಷಯದಲ್ಲಿ ಮೂರೂ ಒಂದೇ. 100 ಗ್ರಾಂ ಒಣ ಪಾಸ್ತಾಕ್ಕೆ ಸುಮಾರು 350. ಬೇಳೆಯದ್ದು ತಿಂದರೆ ಕ್ಯಾಲೊರಿ ಅರ್ಧವಾಗುತ್ತದೆ ಅಂದುಕೊಂಡವರು ಪ್ಯಾಕೆಟ್ ತಿರುಗಿಸಿ ಓದಿ.

ಸಾದಾ ಪಾಸ್ತಾದ ಬಗ್ಗೆಯೇ ಜಾಸ್ತಿ ಹೇಳಬೇಕು, ಯಾಕೆಂದರೆ ಅದಕ್ಕೇ ಜಾಸ್ತಿ ಕೆಟ್ಟ ಹೆಸರು. ಮೊದಲ ವಾರ ನನ್ನ ಹಳೇ ರೂಢಿಯಂತೆ ಮೆತ್ತಗೆ ಬೇಯಿಸಿದೆ. ತೂಕ ಇಳಿಸಿದರೂ ನಾಲ್ಕೂಕಾಲಿಗೆ ಹಸಿವು. ಎರಡನೇ ವಾರ ಎರಡು ನಿಮಿಷ ಮೊದಲೇ ಬಸಿದೆ. ಗುರುತು ಸುಲಭ: ಒಂದು ತುಂಡು ತೆಗೆದು ಅರ್ಧ ಕಚ್ಚಿ, ಕಚ್ಚಿದ ಕಡೆ ನೋಡಿ. ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಉಳಿದಿದ್ದರೆ ಸರಿಯಾದ ಹದ. ಇಟಲಿಯವರು ಅಲ್ ಡೆಂಟೆ ಅನ್ನುವುದು ಇದನ್ನೇ. ಹಲ್ಲಿಗೆ ಸ್ವಲ್ಪ ಬಿಗಿ ಸಿಗಬೇಕು. ಆ ವಾರ ಹಸಿವು ಐದೂವರೆ ಹೊತ್ತಿಗೆ ಬಂತು. ಪಾಸ್ತಾ ಅದೇ, ತೂಕ ಅದೇ, ಎರಡು ನಿಮಿಷದ ವ್ಯತ್ಯಾಸ.

ಇದು ಬರೀ ನನ್ನ ಹೊಟ್ಟೆಯ ಕಥೆ ಅಲ್ಲ. ಡ್ಯೂರಮ್ ಗೋಧಿಯಲ್ಲಿ ಪ್ರೋಟೀನ್ ಜಾಸ್ತಿ. ಹಿಟ್ಟನ್ನು ಒತ್ತಿ ಪಾಸ್ತಾ ಮಾಡುವಾಗ ಆ ಪ್ರೋಟೀನ್ ಗಟ್ಟಿ ಬಲೆಯ ಹಾಗೆ ಹೆಣೆದುಕೊಂಡು ಪಿಷ್ಟದ ಕಾಳುಗಳನ್ನು ಒಳಗೆ ಹಿಡಿದಿಡುತ್ತದೆ. ಜೀರ್ಣರಸ ಆ ಬಲೆ ದಾಟಿ ಹೋಗಬೇಕು, ಹಾಗಾಗಿ ಸಕ್ಕರೆ ನಿಧಾನಕ್ಕೆ ರಕ್ತಕ್ಕೆ ಸೇರುತ್ತದೆ. ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅಂತ ಹೇಳುವ ಗ್ಲೈಸೆಮಿಕ್ ಇಂಡೆಕ್ಸ್ ಅನ್ನುವ ಅಳತೆಯನ್ನು 1981ರಲ್ಲಿ ಟೊರೊಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು ಮುಂದಿಟ್ಟರು. ಅದರಲ್ಲಿ ಬಿಳಿ ಬ್ರೆಡ್ 70 ದಾಟುತ್ತದೆ, ಪಾಸ್ತಾ 50ರ ಆಸುಪಾಸಿನಲ್ಲೇ ಇರುತ್ತದೆ. ಎರಡೂ ಗೋಧಿಯೇ! ಅತಿಯಾಗಿ ಬೇಯಿಸಿದರೆ ಪಿಷ್ಟ ಉಬ್ಬಿ ಬಲೆ ಸಡಿಲವಾಗುತ್ತದೆ, ಈ ಲಾಭ ಕಡಿಮೆಯಾಗುತ್ತದೆ. ಮೈದಾದಿಂದ ಮಾಡಿದ ಅಗ್ಗದ ಪಾಸ್ತಾ ಬೇಗ ಮೆತ್ತಗಾಗಿ ಅಂಟಂಟಾಗುವುದು ಕೂಡ ಈ ಬಲೆ ದುರ್ಬಲವಾಗಿರುವುದರಿಂದಲೇ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನನ್ನೇ ಮಾಡಿದರು.

ಇಡೀ ಗೋಧಿಯದ್ದು ನಾರಿನಂಶದಲ್ಲಿ ಗೆಲ್ಲುತ್ತದೆ. ಸಾದಾದಲ್ಲಿ 100 ಗ್ರಾಂಗೆ 3 ಗ್ರಾಂ ನಾರು ಇದ್ದರೆ ಇದರಲ್ಲಿ 8ರ ಸುತ್ತಮುತ್ತ. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹಾಗಾಗಿ ಒಂದೇ ಊಟದಲ್ಲಿ ಇಷ್ಟು ಸಿಕ್ಕರೆ ಸಣ್ಣ ಮಾತಲ್ಲ. ಹೊಟ್ಟೆ ತುಂಬಿದಂತೆ ಇರುವುದು ನಿಜ, ಆರು ಗಂಟೆವರೆಗೂ ಏನೂ ಬೇಡ ಅನಿಸಿತು. ಬೆಳಿಗ್ಗೆ ಹೊಟ್ಟೆಯೂ ಹಗುರ. ರುಚಿ? ಟೊಮೆಟೊ ಸಾಸ್‌ನ ಹುಳಿಯ ಜೊತೆ ಸ್ವಲ್ಪ ಕಹಿ ಎದ್ದು ಬರುತ್ತದೆ. ಬೆಳ್ಳುಳ್ಳಿ, ಹುರಿದ ಅಣಬೆ, ಸೊಪ್ಪು ಹಾಕಿದ ದಿನ ಮಾತ್ರ ಚೆನ್ನಾಗಿ ಒಪ್ಪಿತು. ಒಂದು ಎಚ್ಚರಿಕೆ. ನಾನು ಮೊದಲು ತಂದ ಪ್ಯಾಕೆಟ್ ಮೇಲೆ ಗೋಧಿ ತೆನೆಯ ಚಿತ್ರ, ಕಂದು ಬಣ್ಣ, ದೊಡ್ಡ ಅಕ್ಷರ ಎಲ್ಲಾ ಇತ್ತು. ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಮೈದಾ! ತುಂಬಾ ಸಿಟ್ಟು ಬಂತು. ಪಟ್ಟಿಯಲ್ಲಿ ಮೊದಲು ಬರೆದದ್ದೇ ಒಳಗೆ ಎಲ್ಲಕ್ಕಿಂತ ಜಾಸ್ತಿ ಇರುವುದು, ಅದನ್ನು ಓದದೆ ಕೊಳ್ಳಬೇಡಿ.

ಕೆಂಪು ಬೇಳೆ ಪಾಸ್ತಾದ ಮೇಲೆ ನನಗೆ ಬಹಳ ಆಸೆ ಇತ್ತು. ಸಾದಾದಲ್ಲಿ ಪ್ರೋಟೀನ್ 12-13 ಗ್ರಾಂ, ಇದರಲ್ಲಿ 25ರ ಹತ್ತಿರ. ನೀರಿಗೆ ಹಾಕಿದ ಮೂರೇ ನಿಮಿಷಕ್ಕೆ ನೊರೆ ಉಕ್ಕಿ ಒಲೆ ಮೇಲೆಲ್ಲಾ ಹರಿಯಿತು. ಏಳನೇ ನಿಮಿಷಕ್ಕೆ ಗಟ್ಟಿ, ಒಂಬತ್ತಕ್ಕೆ ಮುದ್ದೆ. ಗೋಧಿಯ ಆ ಬಲೆ ಇದರಲ್ಲಿ ಇಲ್ಲವಲ್ಲ, ಹಿಡಿದಿಡುವವರು ಯಾರು? ಹಸಿವು ತಡೆಯುವುದರಲ್ಲಿ ಇದೇ ಮುಂದು, ಆರೂವರೆ ತನಕ ನೆನಪೇ ಇರಲಿಲ್ಲ. ಆದರೆ ಎರಡನೇ ವಾರಕ್ಕೆ ಆ ಹಸಿ ಬೇಳೆ ವಾಸನೆ ಸಾಕಾಗಿ ಹೋಯಿತು. ಸೀಲಿಯಾಕ್ ಕಾಯಿಲೆ ಇದ್ದು ಗ್ಲುಟೆನ್ (ಗೋಧಿಯ ಆ ಬಲೆಯ ಪ್ರೋಟೀನ್) ತಿನ್ನಲೇಬಾರದವರಿಗೆ ಇದು ದೊಡ್ಡ ವರ. ಅಂಥವರು ಗ್ಲುಟೆನ್ ಇಲ್ಲ ಎಂಬ ಗುರುತು ನೋಡಿಯೇ ಕೊಳ್ಳಬೇಕು. ಉಳಿದವರು ಇಷ್ಟು ಕಷ್ಟಪಡಬೇಕಾ?

ಈ ಪ್ರಶ್ನೆಯಿಂದಲೇ ನಾಲ್ಕನೆಯದು ಹೊಳೆಯಿತು. ಬೇಳೆಯನ್ನು ಹಿಟ್ಟು ಮಾಡಿ ಪಾಸ್ತಾ ಆಕಾರಕ್ಕೆ ಒತ್ತುವ ಬದಲು, ಕಾಳನ್ನು ಕಾಳಾಗಿಯೇ ಪಾಸ್ತಾ ಜೊತೆ ಹಾಕಿದರೆ? ಇಟಲಿಯ ಮನೆಗಳಲ್ಲಿ ಪಾಸ್ತಾ ಎ ಚೇಚಿ ಅಂತ ಕಡಲೆಕಾಳಿನ ಜೊತೆ ಮಾಡುವುದು ಹಳೇ ಪದ್ಧತಿ. ಗೋಧಿಯ ಪ್ರೋಟೀನ್‌ನಲ್ಲಿ ದೇಹಕ್ಕೆ ಬೇಕಾದ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಜಾಸ್ತಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸಾದಾ ಪಾಸ್ತಾ 60 ಗ್ರಾಂಗೆ ಇಳಿಸಿದೆ, ಬಿಗಿಯಾಗಿ ಬೇಯಿಸಿದೆ. ಬೇಯಿಸಿದ ಕಡಲೆಕಾಳು ಅರ್ಧ ಬಟ್ಟಲು, ಪಾಸ್ತಾದಷ್ಟೇ ತರಕಾರಿ. ಬಟ್ಟಲು ತುಂಬಿತು, ಬೇಜಾರು ಹೋಯಿತು. ಹಸಿವು ಆರೂಕಾಲಿಗೆ. ತೂಕಡಿಕೆ ಇಲ್ಲವೇ ಇಲ್ಲ. ತಿನ್ನುವಾಗ ಖುಷಿ ಕೊಟ್ಟಿದ್ದರಲ್ಲೂ ಇದೇ ಮೊದಲು.

ಎಣ್ಣೆ, ಕ್ರೀಮ್, ಚೀಸ್ ಬಗ್ಗೆ ಎರಡೇ ಮಾತು. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಸುಮ್ನೆ ಬಾಟಲಿಯಿಂದ ಸುರಿದರೆ ಮೂರು ಚಮಚ ಬಿದ್ದದ್ದೇ ಗೊತ್ತಾಗುವುದಿಲ್ಲ, ಪಾಸ್ತಾಗಿಂತ ಎಣ್ಣೆಯ ಕ್ಯಾಲೊರಿಯೇ ಜಾಸ್ತಿಯಾಗುತ್ತದೆ. ಬಸಿದ ನೀರು ಒಂದು ಸೌಟು ಉಳಿಸಿಕೊಂಡು ಸಾಸ್‌ಗೆ ಸೇರಿಸಿ. ಅದರಲ್ಲಿರುವ ಪಿಷ್ಟದಿಂದಲೇ ಸಾಸ್ ಮಂದವಾಗುತ್ತದೆ, ಕ್ರೀಮ್ ಬೇಕಾಗುವುದಿಲ್ಲ. ಆ ನೀರಿಗೆ ಆಗಲೇ ಉಪ್ಪು ಹಾಕಿರುತ್ತೇವೆ, ಹಾಗಾಗಿ ಸಾಸ್‌ಗೆ ಉಪ್ಪು ಹಾಕುವ ಮುಂಚೆ ರುಚಿ ನೋಡಿ.

ಈಗ ವಾರಕ್ಕೆ ಎರಡು ಮಧ್ಯಾಹ್ನ ಕಡಲೆಕಾಳಿನ ಜೊತೆ ಸಾದಾ ಪಾಸ್ತಾ. ಅಣಬೆ ಸಿಕ್ಕಿದ ದಿನ ಇಡೀ ಗೋಧಿಯದ್ದು. ಬೇಳೆ ಪಾಸ್ತಾ ಅರ್ಧ ಪ್ಯಾಕೆಟ್ ಉಳಿದಿತ್ತು, ಮುರಿದು ಸೂಪಿಗೆ ಹಾಕಿದೆ. ಅಲ್ಲಿ ಅದು ಕರಗಿದರೂ ಚೆನ್ನಾಗಿಯೇ ಇತ್ತು.